ವೈದ್ಯನ ಮೇಲಿರುವ ಹಕ್ಕುಗಳು

ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂಬುದು ಪವಿತ್ರ ಕುರ್‌ಆನಿನ (5:32) ಬೋಧನೆ. ಹಾಗಾದರೆ ಹಗಲಿರುಳೂ ರೋಗಿಗಳ ಸೇವೆಯಲ್ಲಿರುವ ವೈದ್ಯನು ತನ್ನ ಮನೆಯನ್ನೂ ದೇಹವನ್ನೂ ಮರೆತರೆ ತಪ್ಪೇನು?

ಸಹೀಹ್ ಬುಖಾರಿಯ ಒಂದು ಹದೀಸ್ ಇದಕ್ಕೆ ಉತ್ತರ ನೀಡುತ್ತದೆ. ಒಮ್ಮೆ ಸಲ್ಮಾನ್(ರ) ತಮ್ಮ ಸಹೋದರ ಅಬೂದರ್ದಾ(ರ)ರ ಮನೆಗೆ ಹೋದಾಗ ಉಮ್ಮುದರ್ದಾ(ರ) ಮಾಸಿದ ಉಡುಪಿನಲ್ಲಿದ್ದರು. ಕಾರಣ ಕೇಳಿದರೆ, ನಿಮ್ಮ ಸಹೋದರನಿಗೆ ಇಹದ ಗೊಡವೆಯೇ ಇಲ್ಲ ಎಂದರು. ಅಬೂದರ್ದಾ(ರ) ಹಗಲು ಉಪವಾಸ, ಇರುಳು ನಮಾಝಿನಲ್ಲಿ ಮುಳುಗಿದ್ದರು. ಸಲ್ಮಾನ್(ರ) ಅವರ ಉಪವಾಸ ಬಿಡಿಸಿ ಉಣಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಗೆ ನಮಾಝ್ ಮಾಡಿದರು. ಪ್ರಭುವಿಗೂ ಶರೀರಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ, ಎಲ್ಲವನ್ನೂ ಸಲ್ಲಿಸಿರಿ ಎಂದರು. ಪ್ರವಾದಿ(ಸ)ರು ಅದನ್ನು ಸತ್ಯವೆಂದು ಅನುಮೋದಿಸಿದರು.

ಗಮನಿಸಿರಿ: ಅಲ್ಲಿ ಮನೆಯವರ ಹಕ್ಕನ್ನು ಮರೆಸಿದ್ದು ಮೋಜಲ್ಲ, ಆರಾಧನೆ. ಐಚ್ಛಿಕ ಇಬಾದತ್ತಿಗೇ ಮಿತಿಯಿದ್ದರೆ ವೃತ್ತಿಗೆ ಇಲ್ಲವೇ? ಕಿರಿಯ ವೈದ್ಯರ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲೇ ಸೂಚಿಸಿತ್ತು. ಆದರೂ ಎಷ್ಟೋ ಮಂದಿ 24, 36 ಗಂಟೆ ನಿದ್ದೆಗೆಟ್ಟು ದುಡಿಯುತ್ತಾರೆ. ದಣಿದ ಕೈ ಔಷಧಿಯ ಪ್ರಮಾಣದಲ್ಲಿ ತಪ್ಪಿದರೆ ರೋಗಿಯ ಹಕ್ಕೂ ನಷ್ಟವಾಗುತ್ತದೆ.

ತುರ್ತು ಕರೆ ಬಂದರೆ ಊಟ ಬಿಟ್ಟು ಏಳುವುದು ವೈದ್ಯನ ಕರ್ತವ್ಯ. ಆದರೆ ಬಿಡುವಿನ ಸಂಜೆಯನ್ನೂ ಇನ್ನೊಂದು ಕ್ಲಿನಿಕ್ಕಿಗೆ ಕೊಟ್ಟು, ಮನೆಯವರಿಗಾಗಿಯೇ ದುಡಿಯುತ್ತಿದ್ದೇನೆ ಎನ್ನುವುದು ನೆಪವಾಗಬಹುದು. ಉಮ್ಮುದರ್ದಾ(ರ) ಮನದ ಮಾತು ಆಡಿದ್ದು ಅತಿಥಿ ಕೇಳಿದ ಮೇಲೆ. ವೈದ್ಯ ಸಹೋದರರೇ, ಅತಿಥಿ ಬರುವ ಮೊದಲು ಮನೆಯವರನ್ನು ನೀವೇ ಕೇಳಿರಿ.