ದೃಷ್ಟಿ ತೆಗೆದ ಮೇಲೆ

ಆಯುಧಪೂಜೆಯ ರಾತ್ರಿ ಎಂಟೂವರೆಯಿರಬೇಕು. ಬಸವನಗುಡಿಯಿಂದ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆ. ತಿರುವಿನಲ್ಲಿ ಬ್ರೇಕ್ ಹಿಡಿದದ್ದಷ್ಟೇ ನೆನಪು, ಮುಂದಿನ ಗಾಲಿ ಜಾರಿ ಎಡಗೈ ಊರಿಕೊಂಡು ಬಿದ್ದೆ. ಎದ್ದು ನೋಡಿದರೆ ಅಂಗೈಯೆಲ್ಲ ಕೆಂಪು. ರಕ್ತವೆಂದು ಎದೆ ಧಸಕ್ಕೆಂದಿತು. ಕುಂಕುಮ! ಯಾರೋ ಒಡೆದ ಬೂದುಗುಂಬಳಕಾಯಿಯ ಬಿಳಿ ತಿರುಳು, ಬೀಜ, ಕುಂಕುಮದ ನೀರು ಎಲ್ಲ ಕಲೆಸಿ ಡಾಂಬರಿನ ಮೇಲೆ ಲೋಳೆಯಾಗಿತ್ತು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಐದು ವಾರ ಪ್ಲಾಸ್ಟರ್.

ಆಸ್ಪತ್ರೆಯಿಂದ ಆಟೋದಲ್ಲಿ ಬಂದು ಇಳಿದಾಗ ನಮ್ಮ ಗೇಟಿನ ಮುಂದೆಯೂ ಒಂದು ಕಾಯಿ ಚೆಲ್ಲಿಕೊಂಡಿತ್ತು. ಬೆಳಿಗ್ಗೆ ಅದೇ ಸ್ಕೂಟರಿಗೆ ಮೂರು ಸುತ್ತು ನಿವಾಳಿಸಿ ನಾನೇ ಒಡೆದದ್ದು. ತಿರುಳಿನ ಮೇಲೆ ಯಾರದೋ ಟೈರಿನ ಗುರುತು ಉದ್ದಕ್ಕೆ ಎಳೆದಿತ್ತು. ಅವರು ಬಿದ್ದರೋ ಉಳಿದುಕೊಂಡರೋ, ಇವತ್ತಿಗೂ ಆ ಗುರುತು ಕಣ್ಣಿಗೆ ಕಟ್ಟಿದೆ. ಒಂದೇ ಕೈಯಲ್ಲಿ ಪೊರಕೆ ಹಿಡಿದು ಗುಡಿಸಿದೆ.

ನಾನು ಪೂಜೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇಡದೆ ಹೊಸ ಗಾಡಿ ಹೊರಡಿಸಲು ನನ್ನ ಮನಸ್ಸು ಒಪ್ಪದು. ಬೆಂಗಳೂರಿನಲ್ಲಿ ಇದು ನಮ್ಮೊಬ್ಬರ ಮನೆಯ ಮಾತೂ ಅಲ್ಲ. ನವರಾತ್ರಿ ಬಂದರೆ ಕೆ.ಆರ್. ಮಾರುಕಟ್ಟೆಯಲ್ಲಿ ಬೂದುಗುಂಬಳದ ರಾಶಿ ಬೀಳುತ್ತದೆ. ಅಮಾವಾಸ್ಯೆ ಬಂದರೆ ಅಂಗಡಿಗಳ ಮುಂದೆ ಕಾಯಿ ಒಡೆಯುತ್ತಾರೆ. ನಮ್ಮ ಸಿನಿಮಾದವರಂತೂ ಚಿತ್ರೀಕರಣ ಮುಗಿಯಿತೆನ್ನುವುದಕ್ಕೇ 'ಕುಂಬಳಕಾಯಿ ಒಡೆದೆವು' ಅನ್ನುತ್ತಾರೆ. ಆದರೆ ನನ್ನ ಗಾಡಿಯ ದೃಷ್ಟಿ ತೆಗೆಯಲು ಇನ್ನೊಬ್ಬರ ಮಗನನ್ನು ಬೀಳಿಸುವುದು ಯಾವ ದೇವರಿಗೂ ಬೇಕಿಲ್ಲ. ನಾವು ಬಿಟ್ಟುಹೋದದ್ದನ್ನು ಮರುದಿನ, ವಿಜಯದಶಮಿಯ ಹಬ್ಬದ ಬೆಳಿಗ್ಗೆ, ಬಳಿಯುವವರು ಪೌರಕಾರ್ಮಿಕರು. ಅವರ ಮನೆಯಲ್ಲೂ ಹಬ್ಬವಿರುತ್ತದೆ.

ಮರುವರ್ಷ ಗೇಟಿನ ಒಳಗೆ ಗೋಣಿಚೀಲ ಹಾಸಿದೆ. "ಚೀಲದ ಮೇಲೆ ಒಡೆದರೆ ದೃಷ್ಟಿ ಹೋಗುತ್ತದೇನೋ?" ಎಂದು ಅಮ್ಮ ಅಳುಕಿದರು. ಬೀದಿಯ ಗುಡಿಯ ಅರ್ಚಕರನ್ನೇ ಕೇಳಿದೆವು. "ಒಡೆಯಬೇಕು ಅಷ್ಟೇ, ರಸ್ತೆ ಮೇಲೇ ಒಡೀಬೇಕು ಅಂತ ಎಲ್ಲಿದೆ?" ಅಂದರು. ಅಮ್ಮನಿಗೆ ಸಮಾಧಾನವಾಯಿತು. ಕುಂಕುಮದ ಜೊತೆ ಕಾಯೊಳಗೆ ಹಾಕಿದ್ದ ಚಿಲ್ಲರೆಯನ್ನು ಮಕ್ಕಳು ಆರಿಸಿಕೊಂಡರು, ಹೋಳುಗಳು ಹಸಿ ಕಸದ ಬಕೆಟ್ಟಿಗೆ ಹೋದವು.

ಚೀಲ ಹಾಸಲು ಜಾಗವಿಲ್ಲದಿದ್ದರೆ ರಸ್ತೆಯ ಅಂಚಿನಲ್ಲೇ ಒಡೆಯಿರಿ. ಆದರೆ ಗಾಡಿ ಹತ್ತುವ ಮುನ್ನ ಎರಡು ನಿಮಿಷ ನಿಂತು ಹೋಳುಗಳನ್ನು ಎತ್ತಿಡಿ, ಒಂದು ಬಕೆಟ್ ನೀರು ಸುರಿದು ಪೊರಕೆಯಾಡಿಸಿ. ನಿಮ್ಮ ಹಿಂದೆ ಬರುವವರೂ ಅವತ್ತು ಬೆಳಿಗ್ಗೆ ತಮ್ಮ ಗಾಡಿಗೆ ಪೂಜೆ ಮಾಡಿಯೇ ಹೊರಟಿರುತ್ತಾರೆ.