ಖರೀದಿ ಸಮಿತಿಯ ಮುಂದೆ ಮಂಡನೆ: ಎದುರಿನಲ್ಲಿ ಮತ್ತು ಪರದೆಯ ಮೇಲೆ

ಪೀಣ್ಯದ ಸಣ್ಣ ಕೈಗಾರಿಕೆಗಳ ಮಾಲೀಕರಲ್ಲಿ ಅನೇಕರು ಲೇತಿನ ಮುಂದೆ ನಿಂತು ಕೆಲಸ ಕಲಿತವರು. ನಕ್ಷೆಯನ್ನು ಕಂಡೊಡನೆ ಬಿಡಿಭಾಗವನ್ನು ಹೇಗೆ ತಯಾರಿಸಬೇಕೆಂದು ಹೇಳಬಲ್ಲರು. ಆದರೆ ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದೊಡ್ಡ ಕಂಪನಿಯೊಂದರ ಖರೀದಿ ಸಮಿತಿಯ ಮುಂದೆ ಅರ್ಧ ಗಂಟೆ ಮಾತನಾಡಬೇಕಾದಾಗ ಅದೇ ಜ್ಞಾನ ನಾಲಿಗೆಗೆ ಬರುವುದಿಲ್ಲ. ಆರ್ಡರು ಕೈತಪ್ಪಿದರೂ ಯಂತ್ರದ ಸಾಲದ ಕಂತು ತಪ್ಪುವುದಿಲ್ಲ. ಆದ್ದರಿಂದ ಪ್ರೆಸೆಂಟೇಷನ್ ಎಂದು ನಾವು ಕರೆಯುವ ಮಂಡನೆಯನ್ನೂ ಒಂದು ಕಸುಬೆಂದು ಭಾವಿಸಿ ಕಲಿಯುವುದು ಅಗತ್ಯ.

ಸಮಿತಿಯ ಮನಸ್ಸಿನ ಪ್ರಶ್ನೆ

ಸಮಿತಿಯವರು ನಮ್ಮ ಘಟಕದ ಹಿರಿಮೆಯನ್ನು ಕೇಳಲು ಕುಳಿತಿರುವುದಿಲ್ಲ. ಬಿಡಿಭಾಗ ಸರಿಯಿಲ್ಲದಿದ್ದರೆ ಏನು ಗತಿ ಎಂಬುದು ಗುಣಮಟ್ಟ ವಿಭಾಗದವರ ಭಯ. ಸರಕು ತಡವಾಗಿ ಜೋಡಣಾ ಸಾಲು ನಿಂತರೆ ಎಂಬುದು ಉತ್ಪಾದನಾ ವಿಭಾಗದವರ ಭಯ. ಇಂದು ಹೇಳಿದ ದರ ನಾಳೆ ಏರಿದರೆ ಎಂಬುದು ಖರೀದಿ ಅಧಿಕಾರಿಯ ಭಯ. ಈ ಭಯಗಳನ್ನು ಒಂದೊಂದಾಗಿ ಪುರಾವೆ ಸಹಿತ ನಿವಾರಿಸುವುದೇ ಮನವೊಲಿಕೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. 25 ಮಿ.ಮೀ. ವ್ಯಾಸದ ಶಾಫ್ಟ್ ಬೇಕಾಗಿದೆ; ಹೆಚ್ಚು ಕಡಿಮೆ 10 ಮೈಕ್ರಾನ್ ಮಾತ್ರ ವ್ಯತ್ಯಾಸಕ್ಕೆ ಅವಕಾಶವಿದೆ. ಒಬ್ಬ ಉದ್ಯಮಿ ಘಟಕ ಸ್ಥಾಪನೆಯಾದ ವರ್ಷ, ಯಂತ್ರಗಳ ಸಂಖ್ಯೆ, ಪ್ರಮಾಣಪತ್ರಗಳು ಇವುಗಳಿಂದ ಆರಂಭಿಸಿ ಇಪ್ಪತ್ತು ನಿಮಿಷ ಕಳೆಯುತ್ತಾನೆ. ಇನ್ನೊಬ್ಬನು, "ನಿಮ್ಮ ನಕ್ಷೆಯಂತೆ 50 ಮಾದರಿಗಳನ್ನು ಮಾಡಿದ್ದೇವೆ. ಎಲ್ಲವೂ ಮಿತಿಯೊಳಗಿವೆ. ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಅಂತರ 11 ಮೈಕ್ರಾನ್. ಅಳತೆಯ ಪಟ್ಟಿ ಇಲ್ಲಿದೆ" ಎನ್ನುತ್ತಾನೆ. ಎರಡನೆಯವನು ಒಂದೇ ನಿಮಿಷದಲ್ಲಿ ಮೊದಲ ಭಯವನ್ನು ಕಳೆದಿದ್ದಾನೆ. ಸಿಪಿಕೆ ಎಂಬ ಸಾಮರ್ಥ್ಯ ಸೂಚ್ಯಂಕ ಕನಿಷ್ಠ 1.33 ಇರಬೇಕೆಂದು ಅನೇಕ ಖರೀದಿದಾರರು ಕೇಳುತ್ತಾರೆ. ಅದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರುವುದು ಲೇಸು.

ಅರ್ಧ ಗಂಟೆಯ ಹಂಚಿಕೆ

ಮೊದಲ 5 ನಿಮಿಷ ಖರೀದಿದಾರರ ಅಗತ್ಯವನ್ನು ನಾವು ಅರ್ಥ ಮಾಡಿಕೊಂಡಿರುವ ಬಗೆಗೆ ಮೀಸಲಿರಲಿ. ಮುಂದಿನ 10 ನಿಮಿಷ ಮಾದರಿ, ಅಳತೆ ಹಾಗೂ ಸರಬರಾಜಿನ ವೇಳಾಪಟ್ಟಿಗೆ ಸಲ್ಲಲಿ. ಅನಂತರದ 5 ನಿಮಿಷದಲ್ಲಿ ನಮ್ಮ ಹಿಂದಿನ ತಪ್ಪೊಂದನ್ನು ನಾವಾಗಿಯೇ ಹೇಳಬೇಕು: ಯಾವ ಲಾಟು ತಿರಸ್ಕೃತವಾಯಿತು, ಕಾರಣವೇನು, ಅದು ಮರುಕಳಿಸದಂತೆ ಏನು ಮಾಡಿದೆವು. ತಪ್ಪೇ ಇಲ್ಲವೆನ್ನುವವನಿಗಿಂತ ತಪ್ಪನ್ನು ತಿದ್ದಿಕೊಂಡವನ ಮಾತಿಗೆ ತೂಕ ಹೆಚ್ಚು. ಉಳಿದ 10 ನಿಮಿಷ ಪ್ರಶ್ನೆಗಳಿಗೆ.

ಎದುರು ಕುಳಿತಾಗ

ಬಿಡಿಭಾಗವನ್ನೂ ಮೈಕ್ರೋಮೀಟರನ್ನೂ ಅವರ ಕೈಗೇ ಕೊಟ್ಟು ಅಳೆಯಲು ಬಿಡಬೇಕು. ಆ ಕ್ಷಣದಲ್ಲಿ ನಾವು ಸುಮ್ಮನಿರಬೇಕು. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್‌ನಂತಹ ಮೇಳಗಳಲ್ಲಿ ಮಳಿಗೆಯ ಮುಂದೆ ಜನ ನಿಲ್ಲುವುದು ಎರಡು ಮೂರು ನಿಮಿಷ. ಅಲ್ಲಿ ಒಂದು ಬಿಡಿಭಾಗ, ಒಂದು ಅಂಕಿ, ಒಂದು ಪುಟದ ಕರಪತ್ರ ಸಾಕು. ಸಂಚಾರ ದಟ್ಟಣೆಯ ನೆಪವೂ ಈಗ ನಡೆಯದು: 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊ ತಲುಪಿದೆ.

ಪರದೆಯ ಮೇಲೆ

2020ರ ಲಾಕ್‌ಡೌನಿನ ನಂತರ ಎಷ್ಟೋ ಮೊದಲ ಭೇಟಿಗಳು ವಿಡಿಯೊ ಸಭೆಗಳಾಗಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂಬ ಗಾದೆ ಎದುರು ಕುಳಿತವರಿಗೆ ಸರಿ. ಪರದೆಯ ಆಚೆಗಿರುವವರಿಗೆ ಕನ್ನಡಿ ಬೇಕೇ ಬೇಕು.

1. ಅಳತೆಯ ವರದಿ ಮತ್ತು ಛಾಯಾಚಿತ್ರಗಳನ್ನು ಹಿಂದಿನ ದಿನವೇ ಕಳುಹಿಸಿರಿ. ಸಾಧ್ಯವಿದ್ದರೆ ಮಾದರಿಯನ್ನೂ ಕೊರಿಯರ್ ಮೂಲಕ ತಲುಪಿಸಿರಿ.
2. ಕ್ಯಾಮರಾವನ್ನು ಮುಖದಿಂದ ಬಿಡಿಭಾಗದ ಕಡೆಗೂ ತಿರುಗಿಸಿರಿ. ಮಾಪಕದ ಅಂಕಿ ಸ್ಪಷ್ಟವಾಗಿ ಕಾಣಲಿ.
3. ಪ್ರೆಸ್‌ಗಳ ಸದ್ದಿನಿಂದ ದೂರವಿರುವ ಕೊಠಡಿಯಲ್ಲಿ ಕುಳಿತುಕೊಳ್ಳಿರಿ. ವಿದ್ಯುತ್ ಹೋದರೂ ಸಭೆ ನಿಲ್ಲದಂತೆ ಯುಪಿಎಸ್ ಮತ್ತು ಎರಡನೆಯ ಮೊಬೈಲಿನ ಇಂಟರ್‌ನೆಟ್ ಸಿದ್ಧವಿರಲಿ.
4. ನಾಲ್ಕೈದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಒಬ್ಬರ ಹೆಸರು ಹಿಡಿದು ಅಭಿಪ್ರಾಯ ಕೇಳಿರಿ. ಪರದೆಯ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.
5. ಕಾರ್ಖಾನೆಯೊಳಗೆ ಮೊಬೈಲ್ ಹಿಡಿದು ತೋರಿಸುವಾಗ ಬೇರೆ ಗ್ರಾಹಕರ ನಕ್ಷೆಗಳು ಕಾಣದಿರಲಿ. ಕಂಡರೆ, ನಾಳೆ ತಮ್ಮ ನಕ್ಷೆಗೂ ಇದೇ ಗತಿ ಎಂದು ಅವರು ಭಾವಿಸುತ್ತಾರೆ.

ಭಾಷೆ ಮತ್ತು ಭರವಸೆ

ಇಂಗ್ಲಿಷ್ ತಡವರಿಸಿದರೆ ಅವಮಾನವಿಲ್ಲ. ಯಂತ್ರವನ್ನು ಬಲ್ಲ ಮೇಲ್ವಿಚಾರಕರನ್ನು ಜೊತೆಗೆ ಕರೆದೊಯ್ದು ಅವರಿಂದ ಕನ್ನಡದಲ್ಲಿಯೇ ವಿವರಣೆ ಕೊಡಿಸಿ, ಅಗತ್ಯವಿದ್ದಲ್ಲಿ ನಾವು ಅನುವಾದಿಸಬಹುದು. ನಿಜವಾಗಿ ಅಪಾಯಕಾರಿಯಾದುದು ಬೇರೆಯೇ ಇದೆ: ಯಾವ ಪ್ರಶ್ನೆಗೂ "ಆಗುತ್ತೆ ಸಾರ್, ಮಾಡಿಕೊಡೋಣ" ಎನ್ನುವ ಅಭ್ಯಾಸ. ಮೂರು ವಾರ ಬೇಕಾಗುವ ಕೆಲಸವನ್ನು ಹತ್ತು ದಿನಕ್ಕೆ ಒಪ್ಪಿಕೊಂಡು ಪಡೆದ ಆರ್ಡರು ಗ್ರಾಹಕರನ್ನೂ ಹೆಸರನ್ನೂ ಒಟ್ಟಿಗೆ ಕಳೆಯುತ್ತದೆ. ಗೊತ್ತಿಲ್ಲದ್ದನ್ನು "ಪರಿಶೀಲಿಸಿ ನಾಳೆ ನಾಲ್ಕು ಗಂಟೆಯೊಳಗೆ ತಿಳಿಸುತ್ತೇನೆ" ಎಂದು ಹೇಳಿ, ಹೇಳಿದಂತೆ ತಿಳಿಸಬೇಕು.

ಹಣ ಪಾವತಿಯ ವಿಷಯವನ್ನೂ ಸಂಕೋಚವಿಲ್ಲದೆ ಎತ್ತಬೇಕು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಒಪ್ಪಂದದ ಅವಧಿಯಲ್ಲಿ, ಅದೂ ಸರಕು ಸ್ವೀಕೃತವಾದ 45 ದಿನಗಳನ್ನು ಮೀರದಂತೆ ಹಣ ಸಲ್ಲಬೇಕು. ಗುಣಮಟ್ಟದ ವಿಶ್ವಾಸ ಮೂಡಿಸಿದ ಬಳಿಕ, ಮಾತುಕತೆಯ ಕೊನೆಯಲ್ಲಿ ಇದನ್ನು ಪ್ರಸ್ತಾಪಿಸುವುದು ಸೂಕ್ತ.

ಮುಂದಿನ ಸಭೆಗೆ ಮುನ್ನ ನಮ್ಮ ಮೇಲ್ವಿಚಾರಕರನ್ನೇ ಖರೀದಿದಾರರ ಸ್ಥಾನದಲ್ಲಿ ಕೂರಿಸಿ, ಗಡಿಯಾರ ಇಟ್ಟು ಒಮ್ಮೆ ಮಂಡಿಸಿ ನೋಡೋಣ. ಕಳುಹಿಸುವ ಮುನ್ನ ಬಿಡಿಭಾಗವನ್ನು ಪರೀಕ್ಷಿಸುವ ನಾವು, ಆಡುವ ಮುನ್ನ ಮಾತನ್ನೂ ಪರೀಕ್ಷಿಸುವುದು ನ್ಯಾಯವೇ ಸರಿ.