ಮಲವಿಸರ್ಜನೆಯೂ ನರಮಂಡಲವೂ

ಶರೀರಶಾಸ್ತ್ರದ ಪಾಠದಲ್ಲಿ ಹೃದಯಕ್ಕೆ ದೊರೆಯುವ ಗೌರವವು ಕರುಳಿಗೆ ದೊರೆಯುವುದಿಲ್ಲ. ಹುಡುಗಿಯರು ಆ ಪುಟವನ್ನು ನಾಚಿಕೆಯಿಂದ ಮಗುಚುತ್ತಾರೆ. ಉಪಾಧ್ಯಾಯಿನಿಯರಾದ ನಾವೂ ಅವಸರದಿಂದ ದಾಟಿಸುತ್ತೇವೆ. ಈ ಮೌನದಿಂದ ಮಕ್ಕಳಿಗಾಗುವ ಕಷ್ಟವು ಅಲ್ಪವಲ್ಲವಾದುದರಿಂದ, ಈ ವಿಷಯವನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡುತ್ತೇವೆ.

ಕರುಳಿನ ಗೋಡೆಯೊಳಗೇ ನರಗಳ ಎರಡು ಬಲೆಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಪಂಡಿತರಾದ ಮೈಸ್ನರ್ ಮತ್ತು ಔಯರ್‌ಬಾಖ್ ಎಂಬವರು ಇವನ್ನು ವರ್ಣಿಸಿದರು. ಹೊರಗಿನಿಂದ ಬರುವ ನರಗಳನ್ನು ಕಡಿದರೂ ಕರುಳು ತನ್ನ ಕೆಲಸವನ್ನು ನಡೆಸುವುದೆಂದು 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ತೋರಿಸಿದರು: ಒಳಗಿರುವ ಉಂಡೆಯ ಹಿಂದೆ ಕರುಳು ಬಿಗಿಯುತ್ತದೆ, ಮುಂದೆ ಸಡಿಲವಾಗುತ್ತದೆ. ಉಂಡೊಡನೆ, ವಿಶೇಷವಾಗಿ ಬೆಳಗಿನ ಆಹಾರದ ತರುವಾಯ, ದೊಡ್ಡ ಕರುಳು ಬಲವಾಗಿ ಚಲಿಸಿ ಮಲವನ್ನು ಮಲಾಶಯಕ್ಕೆ ನೂಕುತ್ತದೆ.

ಮಲಾಶಯವು ಹಿಗ್ಗಿದಾಗ ಜ್ಞಾನತಂತುಗಳು ಬೆನ್ನುಹುರಿಯ ಕೆಳತುದಿಗೂ ಅಲ್ಲಿಂದ ಮಿದುಳಿಗೂ ಸುದ್ದಿ ಮುಟ್ಟಿಸುತ್ತವೆ. ಗುದದ್ವಾರಕ್ಕೆ ಎರಡು ಸ್ನಾಯುಬಳೆಗಳುಂಟು. ನೀರು ಏರಿದಾಗ ತಾನೇ ತೆರೆಯುವ ಬಾಗಿಲನ್ನು ವಿಶ್ವೇಶ್ವರಯ್ಯನವರು ರೂಪಿಸಿದ ಸಂಗತಿಯು ಕನ್ನಂಬಾಡಿಯ ನೆರೆಯವರಾದ ನಮಗೆ ತಿಳಿದೇ ಇದೆ. ಒಳಗಿನ ಬಳೆಯು ಅಂತಹುದು. ನಮ್ಮನ್ನು ಕೇಳದೆಯೇ ಸಡಿಲುತ್ತದೆ. ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟಿದೆ. ಎಳೆಯ ಕೂಸಿಗೆ ಈ ಹಿಡಿತವಿಲ್ಲ. ನರಗಳು ಬಲಿತಂತೆ ಮಗುವು ಅದನ್ನು ಕಲಿಯುತ್ತದೆ.

ಈ ಹಿಡಿತವೇ ಅತಿಯಾದರೆ ಅಪಾಯವುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಿಂದ ಓದಲು ಬರುವ ಹುಡುಗಿಯು ಮುಂಜಾನೆಯ ಬಸ್ಸು ತಪ್ಪೀತೆಂದು ಒಂದು ತುತ್ತು ನುಂಗಿ ಓಡುತ್ತಾಳೆ. ಕರೆಯು ದಾರಿಯಲ್ಲಿಯೋ ತರಗತಿಯಲ್ಲಿಯೋ ಬರುತ್ತದೆ. ಅವಳು ತಡೆದುಕೊಳ್ಳುತ್ತಾಳೆ, ಕರೆಯು ಅಡಗುತ್ತದೆ. ನಿಂತ ಮಲದಿಂದ ಕರುಳು ನೀರನ್ನು ಹೀರುವುದರಿಂದ ಅದು ಗಟ್ಟಿಯಾಗುತ್ತದೆ. ಮರುದಿನ ನೋವಾಗುತ್ತದೆ, ನೋವಿಗೆ ಅಂಜಿ ಮತ್ತೆ ತಡೆಯುತ್ತಾಳೆ. ಹೀಗೆ ಬಹುಕಾಲ ನಡೆದರೆ ಮಲಾಶಯವು ಹಿಗ್ಗಿ, ಅರಿವು ಮಂಕಾಗಿ, ಕರೆಯೇ ಕೇಳದಂತಾಗುತ್ತದೆ. ಕೆಲವು ಮಕ್ಕಳಲ್ಲಿ ಗಟ್ಟಿಮಲದ ಪಕ್ಕದಿಂದ ತೆಳುಮಲವು ಸೋರಿ ಬಟ್ಟೆ ಕೊಳೆಯಾಗುವುದುಂಟು. ಇದು ಸೋಮಾರಿತನವಲ್ಲ, ಮಗುವನ್ನು ಗದರಿಸಬಾರದು.

“ಗಂಟೆ ಹೊಡೆಯುವ ತನಕ ಕುಳಿತಿರು” ಎಂದು ನಾವೂ ಎಷ್ಟೋ ಸಲ ಹೇಳಿದ್ದೇವೆ. ಅದು ಶಿಸ್ತೆಂದು ತಿಳಿದಿದ್ದೆವು; ತಪ್ಪೆಂದು ಈಗ ಒಪ್ಪುತ್ತೇವೆ.

ತಾಯಂದಿರು ಮಕ್ಕಳನ್ನು ಅರ್ಧ ಗಂಟೆ ಮುಂಚಿತವಾಗಿ ಎಬ್ಬಿಸಿ, ತಿಂಡಿಯಾದ ಮೇಲೆ ಹತ್ತು ನಿಮಿಷ ನೆಮ್ಮದಿಯಾಗಿ ಶೌಚಕ್ಕೆ ಕೂರಲು ಬಿಡಲಿ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ ಮೊದಲಾದ ನಮ್ಮ ಸೀಮೆಯ ಆಹಾರವೂ ಸಾಕಷ್ಟು ನೀರೂ ಮಲವನ್ನು ಮೃದುವಾಗಿಡುತ್ತವೆ. ಶೌಚಾಲಯಕ್ಕೆ ಅಂಜಿ ನೀರು ಕುಡಿಯದಿರುವುದು ಕೆಟ್ಟ ಅಭ್ಯಾಸ. ರಕ್ತ ಕಂಡರೆ, ತೂಕ ಇಳಿದರೆ, ಕಾಲುಗಳಲ್ಲಿ ಬಲ ಕುಂದಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎಲ್ಲ ಶಾಲೆಗಳಲ್ಲಿಯೂ ಶೌಚಾಲಯವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಆಜ್ಞಾಪಿಸಿತು. ಆದರೆ ನೀರೂ ಅಗುಳಿಯೂ ಇಲ್ಲದ ಶೌಚಾಲಯವು ಇದ್ದರೂ ಇಲ್ಲದಂತೆಯೇ. ಪೋಷಕರು ಶಾಲೆಗೆ ಬಂದಾಗ ಅಂಕಪಟ್ಟಿಯೊಡನೆ ಅದನ್ನೂ ನೋಡಲಿ. ಉಪಾಧ್ಯಾಯಿನಿಯರಾಗಿರುವ ನಮ್ಮ ಪೂರ್ವವಿದ್ಯಾರ್ಥಿನಿಯರು, ಅಪ್ಪಣೆ ಕೇಳಿ ಎದ್ದುನಿಂತ ಹುಡುಗಿಗೆ ಕಾರಣ ಕೇಳದೆ “ಹೋಗಿ ಬಾ, ಮಗು” ಎನ್ನಲಿ.